ಕಾಗೋಡಿನ ಕೊಳಗ ಮತ್ತು ನಮೂನೆ 7

1951ರಲ್ಲಿ ಸಾಗರ ಸೀಮೆಯ ಕಾಗೋಡಿನ ದೀವರ ಗೇಣಿದಾರರು ತಮ್ಮ ಒಡೆಯರೆದುರು ಎತ್ತಿದ ತಕರಾರುಗಳಲ್ಲಿ ಮುಖ್ಯವಾದುದು ಗೇಣಿಯ ಭತ್ತವನ್ನಳೆಯುವ ಕೊಳಗವು ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದಾಗಿತ್ತು. ಸುಗ್ಗಿಯ ಕಣದಲ್ಲಿ ಒಡೆಯನ ಕಡೆಯವನು ರಾಶಿಯ ಮುಂದೆ ಕುಳಿತು ಕೊಳಗವನ್ನು ತುಂಬಿ ಸುರಿಯುತ್ತಿರಲು, ಪ್ರತಿ ಅಳತೆಗೂ ಹೆಚ್ಚಾಗಿ ಸಲ್ಲುತ್ತಿದ್ದ ಭತ್ತವು ಒಕ್ಕಲಿನ ಮನೆಯ ಮಳೆಗಾಲದ ಗಂಜಿಯಿಂದ ಕಳೆಯುತ್ತಿದ್ದಿತೆಂಬುದನ್ನು ಬಲ್ಲವರಿಗೆ ಆ ತಕರಾರು ಅಲ್ಪವೆಂದು ತೋರದು. ಎಚ್. ಗಣಪತಿಯಪ್ಪನವರು ಸಂಘಟಿಸಿದ ರೈತರ ಬೆನ್ನಿಗೆ ಶಾಂತವೇರಿ ಗೋಪಾಲಗೌಡರೇ ಮೊದಲಾದ ಸಮಾಜವಾದಿಗಳು ನಿಂತರು. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. ಉಳುವವನೇ ಹೊಲದೊಡೆಯನೆಂಬ ಕೂಗು ನಾಡಿಗೆಲ್ಲ ಪರಿಚಿತವಾಯಿತು.

ಆ ಕೂಗು ಕಾನೂನಾಗಲು ಎರಡು ದಶಕಗಳು ಹಿಡಿದವು. 1961ರ ಭೂಸುಧಾರಣಾ ಶಾಸನವು ವಿನಾಯಿತಿಗಳ ಬಾಹುಳ್ಯದಿಂದ ನಿಸ್ಸತ್ವವಾಗಿದ್ದಿತು. ದೇವರಾಜ ಅರಸರ ಸರಕಾರವು ತಂದ ತಿದ್ದುಪಡಿಯಾದರೋ, 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಗೆ ಕೊಟ್ಟ ಭೂಮಿಯನ್ನು ಸರಕಾರದಲ್ಲಿ ನಿಹಿತಗೊಳಿಸಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಅದನ್ನು ತನ್ನದಾಗಿಸಿಕೊಳ್ಳುವ ಮಾರ್ಗವನ್ನು ತೆರೆಯಿತು. ದಕ್ಷಿಣ ಕನ್ನಡದಲ್ಲಿ ಇಂದಿಗೂ ಹಿರಿಯರು ಕಾಲವನ್ನು ಭೂಮಸೂದೆಯ ಮೊದಲು, ಭೂಮಸೂದೆಯ ಬಳಿಕ ಎಂದು ಭಾಗಿಸುವುದುಂಟು. ಅರ್ಜಿ ಹಾಕಿದುದನ್ನು 'ಡಿಕ್ಲರೇಷನ್ ಕೊಟ್ಟೆವು' ಎನ್ನುತ್ತಾರೆ.

ಈ ಯೋಜನೆಯ ಜೀವವು ತಾಲ್ಲೂಕಿನ ಭೂನ್ಯಾಯ ಮಂಡಲಿಯಲ್ಲಿದ್ದಿತು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಉಳಿದ ನಾಲ್ವರು ಸರಕಾರ ನೇಮಿಸಿದ ಸಾರ್ವಜನಿಕರು, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಇಲ್ಲವೆ ಪಂಗಡದವರು. ವಕೀಲರಿಗೆ ಅಲ್ಲಿ ವಾದಿಸುವ ಅವಕಾಶವಿಲ್ಲವೆಂದು ಶಾಸನವೇ ವಿಧಿಸಿದ್ದಿತು. ನ್ಯಾಯಾಲಯದ ಶಿಸ್ತಿನಲ್ಲಿ ಬೆಳೆದವರು ಇದನ್ನು ಒಪ್ಪಲಾರರು. ಆದರೆ ಗೇಣಿಚೀಟಿಯನ್ನೇ ಕಂಡರಿಯದ ಒಕ್ಕಲಿಗೆ ನೆರೆಹೊಲದವನ ಬಾಯಿಮಾತಿಗಿಂತ ಬಲವಾದ ಪುರಾವೆ ಎಲ್ಲಿಂದ ಬರಬೇಕು? ಪಹಣಿಯಲ್ಲಿ ಧಣಿಯ ಹೆಸರಷ್ಟೇ ಇದ್ದು, ಉತ್ತವನು ಯಾರೆಂಬುದನ್ನು ಊರೆಲ್ಲ ಬಲ್ಲುದಾಗಿದ್ದಲ್ಲಿ, ಊರಿನವರನ್ನೇ ಪೀಠದಲ್ಲಿ ಕೂರಿಸಿದುದು ದಿಟ್ಟತನವೆಂದೇ ನನ್ನ ಎಣಿಕೆ. ಬಂದ ಅರ್ಜಿಗಳು ಸುಮಾರು 8 ಲಕ್ಷ. ಅರ್ಜಿಯ ಗಡುವು ಮತ್ತೆ ಮತ್ತೆ ವಿಸ್ತರಿಸಿ 1979ರ ಜೂನ್ 30ರವರೆಗೆ ಸಾಗಿತು.

ಫಲವು ಎಲ್ಲೆಡೆ ಸಮವಾಗಿರಲಿಲ್ಲ. ಗೇಣಿಯೇ ಬದುಕಿನ ಕ್ರಮವಾಗಿದ್ದ ಕರಾವಳಿ ಮಲೆನಾಡುಗಳಲ್ಲಿ ಒಕ್ಕಲು ಒಡೆಯನಾದನು. ಅದೇ ಊರುಗಳಲ್ಲಿ, ದುಡಿಯುವ ಗಂಡಾಳಿಲ್ಲದ ಕಾರಣದಿಂದಲೇ ತನ್ನ ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟಿದ್ದ ವಿಧವೆಯೂ, ನೂರಾರು ಮುಡಿ ಅಕ್ಕಿ ಎಣಿಸುತ್ತಿದ್ದ ಧಣಿಯೂ ಶಾಸನದ ಕಣ್ಣಿಗೆ ಒಂದೇ ಆದರು; ಹಿಂದಿದ್ದ ವಿನಾಯಿತಿಯನ್ನು ಸೈನಿಕನಿಗೂ ನಾವಿಕನಿಗೂ ಉಳಿಸಿ ಆಕೆಗೆ ಇಲ್ಲವಾಗಿಸಿದ್ದು ನಿಷ್ಠುರವೆನ್ನದೆ ವಿಧಿಯಿಲ್ಲ. ಬಯಲುಸೀಮೆಯಲ್ಲಿ ಸ್ವಂತ ಸಾಗುವಳಿಯೇ ಹೆಚ್ಚಾಗಿದ್ದುದರಿಂದ ನಮೂನೆ 7ಕ್ಕೆ ಅಲ್ಲಿ ಕೆಲಸ ಕಡಿಮೆ.

ಇನ್ನು ಗೇಣಿದಾರನ ಗದ್ದೆಯಲ್ಲಿಯೂ ಧಣಿಯ ಗದ್ದೆಯಲ್ಲಿಯೂ ಕೂಲಿಗೆ ನಾಟಿ ಮಾಡಿದ ದಲಿತನು ಯಾರಿಗೂ ಗೇಣಿ ತೆತ್ತವನಲ್ಲವಾದುದರಿಂದ ಅರ್ಜಿಯ ಯಾವ ಕಲಮಿನಲ್ಲಿಯೂ ಅವನ ಹೆಸರಿಗೆ ಸ್ಥಳವಿರಲಿಲ್ಲ. ಒಡೆಯನ ಭೂಮಿಯಲ್ಲಿ ಕಟ್ಟಿಕೊಂಡಿದ್ದ ಗುಡಿಸಿಲ ಹಕ್ಕನ್ನು ಶಾಸನದ 38ನೆಯ ಪ್ರಕರಣವು ಅವನಿಗೆ ಕೊಟ್ಟಿತು. ಉಳುವ ನೆಲವನ್ನು ಕೊಡಲಿಲ್ಲ.