ರಿಮಿನಿ: ಮಕ್ಕಳೊಂದಿಗೆ ಇಟಲಿಯ ಕಡಲತೀರಕ್ಕೆ

ಇಟಲಿ ಎಂದೊಡನೆ ರೋಮ್, ವೆನಿಸ್, ಫ್ಲಾರೆನ್ಸ್ ನಗರಗಳ ಹೆಸರೇ ಪ್ರವಾಸಿಗರ ನಾಲಿಗೆಯ ಮೇಲೆ ಬರುತ್ತದೆ. ಆದರೆ ಇಟಲಿಯ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು ಬೇಸಿಗೆ ರಜೆಯಲ್ಲಿ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ತಲೆಮಾರುಗಳಿಂದ ಹೋಗುತ್ತಿರುವ ಊರು ರಿಮಿನಿ. ದೇಶದ ಪೂರ್ವ ಭಾಗದಲ್ಲಿ, ಏಡ್ರಿಯಾಟಿಕ್ ಸಮುದ್ರದ ದಂಡೆಯ ಮೇಲಿರುವ ಈ ಊರು ಎಮಿಲಿಯಾ-ರೊಮಾನ್ಯ ಪ್ರಾಂತ್ಯಕ್ಕೆ ಸೇರಿದೆ. ಬೊಲೋನ್ಯ ನಗರದಿಂದ ಸುಮಾರು 110 ಕಿ.ಮೀ. ದೂರ. ರೈಲಿನಲ್ಲಿ ಹೋಗುವುದೇ ಸುಲಭ. ಭಾರತೀಯರಿಗೆ ಷೆಂಗೆನ್ ವೀಸಾ ಅಗತ್ಯ.

ಸುಮಾರು 15 ಕಿ.ಮೀ. ಉದ್ದದ ಮರಳಿನ ತೀರವೇ ರಿಮಿನಿಯ ಬಂಡವಾಳ. ಇಲ್ಲಿ ಸಮುದ್ರ ಥಟ್ಟನೆ ಆಳವಾಗುವುದಿಲ್ಲ. ಬಹುದೂರದವರೆಗೆ ನೀರು ಮೊಣಕಾಲು, ಸೊಂಟದ ಮಟ್ಟದಲ್ಲೇ ಇರುತ್ತದೆ. ಕೆಲವೆಡೆ ಅಲೆಯ ರಭಸ ತಗ್ಗಿಸಲು ನೀರಿನಲ್ಲಿ ಬಂಡೆಗಳ ತಡೆಗೋಡೆಯನ್ನೂ ಹಾಕಲಾಗಿದೆ. ಈಜು ಬಾರದ ಮಕ್ಕಳ ತಾಯಂದಿರು ಈ ಊರನ್ನು ಮೆಚ್ಚಿಕೊಳ್ಳಲು ಇದೇ ಮುಖ್ಯ ಕಾರಣ. ಆದರೂ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯುವುದು ಅಪಾಯ ಎಂದೇ ತಿಳಿಯಬೇಕು.

ಇಲ್ಲಿ ಮೊದಲ ಸಮುದ್ರಸ್ನಾನ ಕೇಂದ್ರ ಆರಂಭವಾದದ್ದು 1843ರಲ್ಲಿ. 1908ರಲ್ಲಿ ಗ್ರ್ಯಾಂಡ್ ಹೋಟೆಲ್ ತಲೆ ಎತ್ತಿತು. ಆಗ ಇದು ಸಿರಿವಂತರ ಸ್ಥಳ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ಊರಿನ ಬಹುಭಾಗ ನೆಲಸಮವಾಯಿತು. ಯುದ್ಧಾನಂತರ ಸ್ಥಳೀಯ ಕುಟುಂಬಗಳು ಸಾಲ ಸೋಲ ಮಾಡಿ ಸಣ್ಣ ವಸತಿಗೃಹಗಳನ್ನು ಕಟ್ಟಿದವು. ಮನೆಯ ಹೆಂಗಸರೇ ಅಡುಗೆ, ಮಕ್ಕಳೇ ಬಡಿಸುವವರು. ಊಟ ವಸತಿ ಎರಡೂ ಸೇರಿದ ಬಾಡಿಗೆಯ ಪದ್ಧತಿ ಇಂದಿಗೂ ಅನೇಕ ಹೋಟೆಲುಗಳಲ್ಲಿದೆ. ಚಿಕ್ಕ ಮಕ್ಕಳಿರುವವರಿಗೆ ಇದು ನಿಜಕ್ಕೂ ಅನುಕೂಲ.

ಹೊಸಬರಿಗೆ ಗೊಂದಲವಾಗುವುದು ತೀರದ ವ್ಯವಸ್ಥೆ. ಮರಳದಂಡೆಯ ಹೆಚ್ಚಿನ ಭಾಗ ‘ಬಾನ್ಯೊ’ ಎಂಬ ಸಂಖ್ಯೆ ಹೊತ್ತ ತುಂಡುಗಳಾಗಿ ಹಂಚಿಹೋಗಿದೆ. ಪ್ರತಿಯೊಂದರಲ್ಲೂ ಸಾಲು ಸಾಲಾಗಿ ಕೊಡೆಗಳು, ಒರಗು ಕುರ್ಚಿಗಳು, ಸ್ನಾನದ ಕೋಣೆಗಳು. ದಿನಕ್ಕೋ ವಾರಕ್ಕೋ ಬಾಡಿಗೆ ತೆರಬೇಕು. ಸಮುದ್ರಕ್ಕೆ ಹತ್ತಿರವಾದ ಸಾಲಿಗೆ ದರ ಹೆಚ್ಚು. ಎಲ್ಲ ಕೊಡೆಗಳೂ ಒಂದೇ ಬಗೆ ಕಾಣುವುದರಿಂದ ಮಗುವಿಗೆ ಬಾನ್ಯೊದ ಸಂಖ್ಯೆಯನ್ನು ಬಾಯಿಪಾಠ ಮಾಡಿಸುವುದು ಜಾಣತನ. 1946ರಲ್ಲಿ ಇಲ್ಲಿ ಆರಂಭವಾದ ‘ಪುಬ್ಲಿಫೋನೊ’ ಎಂಬ ಧ್ವನಿವರ್ಧಕ ಸೇವೆ ದಶಕಗಳ ಕಾಲ ಜಾಹೀರಾತುಗಳ ನಡುವೆ ದಾರಿ ತಪ್ಪಿದ ಮಕ್ಕಳ ಹೆಸರುಗಳನ್ನೂ ಕೂಗಿ ಹೇಳಿದೆ.

ಮರಳು ಮಾತ್ರ ಸರ್ಕಾರದ್ದು. ಬಾನ್ಯೊ ನಡೆಸುವವರು ಗುತ್ತಿಗೆದಾರರಷ್ಟೇ. ಗುತ್ತಿಗೆ ತಂದೆಯಿಂದ ಮಗನಿಗೆ ಸಾಗುತ್ತ ಬಂದ ಉದಾಹರಣೆಗಳು ಬಹಳ. ಇವನ್ನು ಮುಕ್ತ ಸ್ಪರ್ಧೆಯಲ್ಲಿ ನೀಡಬೇಕೆಂಬ ಒತ್ತಡ 2006ರ ಐರೋಪ್ಯ ಒಕ್ಕೂಟದ ನಿರ್ದೇಶನದಿಂದ ಹುಟ್ಟಿತು. ವರ್ಷಗಳ ಎಳೆದಾಟದ ಬಳಿಕ 2024ರಲ್ಲಿ ಇಟಲಿ ಸರ್ಕಾರ ಹಳೆಯ ಗುತ್ತಿಗೆಗಳ ಅವಧಿಯನ್ನು 2027ರ ಸೆಪ್ಟೆಂಬರ್‌ವರೆಗೆ ವಿಸ್ತರಿಸಿತು. ಮೂರು ತಲೆಮಾರುಗಳಿಂದ ಅದೇ ಕೊಡೆಯ ಕೆಳಗೆ ಕೂರುವ ಗಿರಾಕಿಗಳಿಗೆ ಇದು ಕೇವಲ ಕಾನೂನಿನ ಜಗಳವಲ್ಲ. ಆದರೆ ನಾಲ್ಕು ಜನರ ಸಂಸಾರ ಮರಳಿನ ಮೇಲೆ ಕೂರಲೂ ದುಡ್ಡು ಎಣಿಸಬೇಕಾದ ಸ್ಥಿತಿ ಸರಿಯೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಬಾನ್ಯೊ ಇದ್ದರೂ ನೀರಿನಂಚಿಗೆ ಹೋಗಿ ಸ್ನಾನ ಮಾಡುವ ಹಕ್ಕು ಎಲ್ಲರಿಗೂ ಉಚಿತವಾಗಿ ಉಂಟು. ಬಾಡಿಗೆ ಬೇಡವೆನ್ನುವವರು ‘ಸ್ಪಿಯಾಜಾ ಲಿಬೆರಾ’ ಎಂಬ ಫಲಕ ಹುಡುಕಿದರೆ ಸಾಕು, ಅದು ಬಿಟ್ಟಿ ತೀರ. ಕೊಡೆ, ಚಾಪೆ ತಾವೇ ಒಯ್ಯಬೇಕು.

ಜೂನ್ ಮತ್ತು ಸೆಪ್ಟೆಂಬರ್ ಆರಂಭ ಹಿತಕರ. ಆಗಸ್ಟ್ 15ರ ‘ಫೆರ್ರಾಗೋಸ್ತೊ’ ಹಬ್ಬದ ಆಸುಪಾಸಿನಲ್ಲಿ ಕಾಲಿಡಲು ಜಾಗವಿರದು, ದರವೂ ಏರಿರುತ್ತದೆ. ಚಳಿಗಾಲದಲ್ಲಿ ಅನೇಕ ಹೋಟೆಲುಗಳು ಬಾಗಿಲು ಹಾಕುತ್ತವೆ.

ಊಟಕ್ಕೆ ‘ಪಿಯಾದೀನಾ’ ಉಂಟು. ನೋಡಲು ನಮ್ಮ ಚಪಾತಿಯ ದಪ್ಪ ತಮ್ಮನಂತಿರುವ ಈ ಗೋಧಿ ರೊಟ್ಟಿಯನ್ನು ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಸಸ್ಯಾಹಾರಿಗಳು ಎಚ್ಚರ ವಹಿಸಬೇಕು: ಸಾಂಪ್ರದಾಯಿಕ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುತ್ತಾರೆ. ಆಲಿವ್ ಎಣ್ಣೆಯದು ಬೇಕೆಂದು ಕೇಳಬಹುದು.

ಬಿಸಿಲು ಬೇಸರವಾದರೆ ಹಳೆಯ ಊರಿನತ್ತ ಕಾಲು ಹಾಕಬಹುದು. ಕ್ರಿ.ಶ. 21ರಲ್ಲಿ ಪೂರ್ಣಗೊಂಡ ಟೈಬೀರಿಯಸ್ ಸೇತುವೆಯ ಐದು ಕಮಾನುಗಳು ಇನ್ನೂ ಗಟ್ಟಿಯಾಗಿವೆ. ಚಿತ್ರ ನಿರ್ದೇಶಕ ಫೆಡೆರಿಕೊ ಫೆಲಿನಿ 1920ರಲ್ಲಿ ಹುಟ್ಟಿದ್ದು ಇಲ್ಲೇ. ಊರಿನ ನೆನಪುಗಳಿಂದ ಅರಳಿದ ಅವರ 1973ರ ‘ಅಮಾರ್ಕಾರ್ಡ್’ ಚಿತ್ರದ ಬಹುಪಾಲು ಚಿತ್ರೀಕರಣ ಮಾತ್ರ ರೋಮ್‌ನ ಸ್ಟುಡಿಯೋದಲ್ಲಿ ನಡೆಯಿತು! ಮಕ್ಕಳಿಗೆ ಇದಾವುದೂ ರುಚಿಸದಿದ್ದರೆ ವಿಸೆರ್ಬಾದಲ್ಲಿ 1970ರಿಂದಿರುವ ‘ಇತಾಲಿಯಾ ಇನ್ ಮಿನಿಯತೂರಾ’ ಉದ್ಯಾನವಿದೆ. ಪೀಸಾ ಗೋಪುರ, ವೆನಿಸ್ ಕಾಲುವೆಗಳನ್ನೆಲ್ಲ ಅಲ್ಲಿ ಪುಟ್ಟ ಮಾದರಿಗಳಲ್ಲಿ ಒಂದೇ ಮಧ್ಯಾಹ್ನ ಸುತ್ತಿ ಬರಬಹುದು.