'ಶಾಮೀಲು' ಎಂದರೆ ಏನು? ಫಾರ್ವರ್ಡ್ ಮಾಡುವ ಮುನ್ನ ಈ ಪದದ ತೂಕ ತಿಳಿಯಿರಿ

'ಇದರಲ್ಲಿ ಅಧಿಕಾರಿಗಳೂ ಶಾಮೀಲು!', 'ಡಾಕ್ಟರು, ಔಷಧ ಅಂಗಡಿಯವರು ಎಲ್ಲ ಶಾಮೀಲು!' ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಓದಿದ ಕೂಡಲೇ ಸಿಟ್ಟು ಬರುತ್ತದೆ, ಬೆರಳು ಫಾರ್ವರ್ಡ್ ಬಟನ್ ಮೇಲೆ ಹೋಗುತ್ತದೆ. ಆದರೆ ಈ ಒಂದು ಪದ ಎಷ್ಟು ದೊಡ್ಡ ಆರೋಪ ಹೊರಿಸುತ್ತದೆ ಎಂದು ನಾವು ಯೋಚಿಸುವುದು ಕಡಿಮೆ. ಈ ಲೇಖನದಲ್ಲಿ ಅದನ್ನು ತಿಳಿಯೋಣ.

ಪದ ಎಲ್ಲಿಂದ ಬಂತು?

'ಶಾಮೀಲು' ಅರಬ್ಬಿ ಮೂಲದ ಪದ. ಮೂಲದಲ್ಲಿ ಇದರ ಅರ್ಥ 'ಒಳಗೊಂಡ', 'ಸೇರಿದ' ಎಂದಷ್ಟೆ. ಹಿಂದಿಯಲ್ಲಿ ಮದುವೆಗೆ ಹೋದವರೂ 'ಶಾಮಿಲ್', ಸಭೆಗೆ ಬಂದವರೂ 'ಶಾಮಿಲ್'. ಅಲ್ಲಿ ತಪ್ಪಿನ ಸೋಂಕಿಲ್ಲ. ಕನ್ನಡದಲ್ಲಿ ಮಾತ್ರ ಇಂದು ಈ ಪದ ಹೆಚ್ಚಾಗಿ 'ತಪ್ಪು ಕೆಲಸದಲ್ಲಿ ಗುಟ್ಟಾಗಿ ಕೈಜೋಡಿಸಿದವರು' ಎಂಬ ಅರ್ಥದಲ್ಲೇ ಬಳಕೆಯಲ್ಲಿದೆ.

ಎಡವಟ್ಟಾಗುವುದು ಇಲ್ಲೇ. 'ಬೈಠಕ್ ಮೇ ಶಾಮಿಲ್ ಹುಯೇ' ಎಂಬ ಹಿಂದಿ ಸಾಲನ್ನು ಯಾರೋ 'ಸಭೆಯಲ್ಲಿ ಶಾಮೀಲಾದರು' ಎಂದು ಕನ್ನಡಕ್ಕೆ ತಂದರೆ, ಸುಮ್ಮನೆ ಸಭೆಗೆ ಹೋದ ವ್ಯಕ್ತಿ ಸಂಚುಕೋರನಂತೆ ಕಾಣುತ್ತಾನೆ. 'ಪಾಲ್ಗೊಂಡರು' ಎಂಬುದೇ ಸರಿಯಾದ ಪದ.

ಯಾವಾಗ ಬಳಸಬಹುದು?

ಒಂದು ಉದಾಹರಣೆ ನೋಡೋಣ. ಗೋದಾಮಿನಲ್ಲಿ ಕಳ್ಳತನವಾಗಿದೆ.

• ಕಾವಲುಗಾರ ನಿದ್ದೆ ಹೋಗಿದ್ದ: ಇದು ನಿರ್ಲಕ್ಷ್ಯ.
• ಕಳ್ಳರು ಅವನ ಪರಿಚಯದವರು: ಇದು ಅನುಮಾನಕ್ಕೆ ಕಾರಣ ಮಾತ್ರ.
• ಕಳ್ಳರ ಜತೆ ಮೊದಲೇ ಮಾತಾಡಿಕೊಂಡು ಬಾಗಿಲು ತೆರೆದಿಟ್ಟಿದ್ದ: ಇದು ಶಾಮೀಲು.

ಅಂದರೆ ತಡೆಯಬೇಕಾದವರೇ ಒಳಗೊಳಗೆ ಒಪ್ಪಿ ಸೇರಿಕೊಳ್ಳಬೇಕು. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬ ಗಾದೆ ಹೇಳುವುದೂ ಇದನ್ನೇ. ಪೈಪೋಟಿ ನಡೆಸಬೇಕಾದವರೂ ಹೀಗೆ ಸೇರಬಹುದು. ಟೆಂಡರ್ ಯಾರಿಗೆ ಸಿಗಬೇಕೆಂದು ಗುತ್ತಿಗೆದಾರರು ಮೊದಲೇ ತೀರ್ಮಾನಿಸಿ, ಉಳಿದವರು ಬೇಕೆಂದೇ ಹೆಚ್ಚು ದರ ಬರೆಯುವುದು ಇದರ ಒಂದು ರೂಪ. 2002ರ ಸ್ಪರ್ಧಾ ಕಾಯ್ದೆ ಇದನ್ನು ನಿಷೇಧಿಸುತ್ತದೆ.

ಹತ್ತಿರದ ಪದಗಳು, ಬೇರೆ ಅರ್ಥಗಳು

• ಕುಮ್ಮಕ್ಕು: ತಾನು ಮುಂದೆ ಬಾರದೆ ಇನ್ನೊಬ್ಬರನ್ನು ಹುರಿದುಂಬಿಸುವುದು.
• ಒಳಸಂಚು, ಪಿತೂರಿ: ಒಬ್ಬರಿಗೆ ಕೇಡು ಮಾಡಲು ಗುಟ್ಟಾಗಿ ಯೋಜನೆ ಹಾಕುವುದು.
• ಕರ್ತವ್ಯಲೋಪ: ಮಾಡಬೇಕಾದ ಕೆಲಸ ಮಾಡದಿರುವುದು. ಇದಕ್ಕೆ ಯಾರ ಜತೆಗೂ ಒಪ್ಪಂದ ಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 61 ಅಪರಾಧಿಕ ಒಳಸಂಚಿಗೆ ಸಂಬಂಧಿಸಿದ್ದು. ಇಬ್ಬರು ಅಥವಾ ಹೆಚ್ಚು ಜನರ ನಡುವಿನ ಒಪ್ಪಂದವೇ ಇದರ ತಿರುಳು. ಅದಕ್ಕೆ ಲಿಖಿತ ಪತ್ರವೇ ಬೇಕೆಂದಿಲ್ಲ, ಸಾಂದರ್ಭಿಕ ಸಾಕ್ಷ್ಯದಿಂದಲೂ ಸಾಬೀತಾಗಬಹುದು. ಆದರೆ ಇಬ್ಬರು ಒಂದೇ ಫೋಟೋದಲ್ಲಿ ನಿಂತಿದ್ದಾರೆ ಎಂಬುದಷ್ಟೇ ಒಪ್ಪಂದಕ್ಕೆ ಪುರಾವೆಯಾಗದು.

ಇನ್ನು ಸೆಕ್ಷನ್ 356 ಮಾನಹಾನಿಯ ಬಗ್ಗೆ. ಇದಕ್ಕೆ 2 ವರ್ಷದವರೆಗೆ ಸಾದಾ ಸಜೆ, ದಂಡ, ಎರಡೂ, ಅಥವಾ ಸಮುದಾಯ ಸೇವೆ ವಿಧಿಸಬಹುದು. 'ನಾನು ಬರೆದಿಲ್ಲ, ಬಂದದ್ದನ್ನು ಕಳಿಸಿದೆ' ಎಂದ ಮಾತ್ರಕ್ಕೆ ಹೊಣೆ ತಪ್ಪುತ್ತದೆ ಎಂದು ಭಾವಿಸಬೇಡಿ.

ಹಾಗಾದರೆ ಸುಮ್ಮನಿರಬೇಕೇ?

ಖಂಡಿತ ಇಲ್ಲ. ನಿಜವಾದ ಶಾಮೀಲು ಬಯಲಾಗಲೇಬೇಕು. ನಿಮ್ಮ ಬಳಿ ದಾಖಲೆ ಇದ್ದರೆ ಪೊಲೀಸರಿಗೆ ಕೊಡಿ. ಸರ್ಕಾರಿ ನೌಕರರ ವಿಷಯವಾದರೆ ಕರ್ನಾಟಕ ಲೋಕಾಯುಕ್ತಕ್ಕೂ ದೂರು ಕೊಡಬಹುದು. ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾರು ಯಾರ ಜತೆ ಶಾಮೀಲು? ಯಾವ ಕೆಲಸದಲ್ಲಿ? ಗೊತ್ತಾದದ್ದು ಹೇಗೆ? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ. ಸುಳ್ಳು ಆರೋಪ ಹರಡುವುದರಲ್ಲಿ ನಾವೇ ಶಾಮೀಲಾಗುವುದು ಬೇಡ.