ಸಾಹಸವ್ಯವಹಾರದ ನಾಲ್ಕು ಪಾದಗಳು

ಈಗಿನ ಕನ್ನಡದಲ್ಲಿ ‘ಸಾಹಸ’ವೆಂದರೆ ಮೆಚ್ಚತಕ್ಕ ಧೈರ್ಯ. ಧರ್ಮಶಾಸ್ತ್ರದಲ್ಲಾದರೋ ಅದು ಬಲಾತ್ಕಾರಪೂರ್ವಕವಾದ ಘೋರಾಪರಾಧದ ಹೆಸರು. ಕೊಲೆ, ಸುಲಿಗೆಗಳು ಅದರಲ್ಲಿ ಅಂತರ್ಗತವಾಗಿವೆ. ಇಂತಹ ಅಪರಾಧಗಳ ವಿಚಾರಣಾಕ್ರಮವನ್ನು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರೆಯಲ್ಲಿ ವಿಶದಪಡಿಸಿದವನು ವಿಜ್ಞಾನೇಶ್ವರ. ಆ ಗ್ರಂಥವು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಕಲ್ಯಾಣದಲ್ಲಿ ಹುಟ್ಟಿತು. ಅದೇ ಕಲ್ಯಾಣದಲ್ಲಿ ತರುವಾಯ ಬಾಳಿದ ಬಸವೇಶ್ವರನ ಹೆಸರಿನ ಬಡಾವಣೆಯು ಬೆಂಗಳೂರಿನ ಪಶ್ಚಿಮಭಾಗದಲ್ಲಿದೆ. ಅಲ್ಲಿಯ ಪೋಲೀಸು ಠಾಣೆಯಲ್ಲಿ ಇಂದು ದಾಖಲಾಗುವ ಕೊಲೆಯ ಮೊಕದ್ದಮೆಯೊಂದರ ಗತಿಯನ್ನು ಮಿತಾಕ್ಷರೆಯ ಕ್ರಮದೊಡನೆ ಹೋಲಿಸಿ ನೋಡುವುದು ಉಚಿತ.

ವ್ಯವಹಾರವು ಚತುಷ್ಪಾದವೆಂದು ವಿಜ್ಞಾನೇಶ್ವರನ ಮತ: ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ. ಅಂದರೆ ವಾದಿಯ ಆರೋಪ, ಪ್ರತಿವಾದಿಯ ಮಾತು, ಸಾಕ್ಷ್ಯ, ನಿರ್ಣಯ. ಈ ನಾಲ್ಕೂ ಇಂದಿಗೂ ಉಳಿದಿವೆ. ಠಾಣೆಯ ಪ್ರಥಮ ವರ್ತಮಾನ ವರದಿಯೂ ತನಿಖೆಯ ಅನಂತರದ ದೋಷಾರೋಪಣಪಟ್ಟಿಯೂ ಭಾಷಾಸ್ಥಾನೀಯ. ಕೊಲೆಯನ್ನು ವಿಚಾರಿಸುವ ಅಧಿಕಾರವು ಸೆಷನ್ಸ್ ನ್ಯಾಯಾಲಯದ್ದು. ಆದಕಾರಣ ಮ್ಯಾಜಿಸ್ಟ್ರೇಟರು ಮೊಕದ್ದಮೆಯನ್ನು ಅಲ್ಲಿಗೆ ಒಪ್ಪಿಸಬೇಕು. 1898ರ ಸಂಹಿತೆಯಲ್ಲಿ ಅವರೇ ಮೊದಲು ಸಾಕ್ಷಿಗಳನ್ನು ಕೇಳುತ್ತಿದ್ದರು. ಈ ಪೂರ್ವವಿಚಾರಣೆಯು 1955ರಲ್ಲಿ ಮೊಟಕಾಗಿ, 1973ರ ಸಂಹಿತೆಯಿಂದ ಲೋಪವಾಯಿತು.

ಮೈಸೂರು ಸೀಮೆಯಲ್ಲಿ ಮೇಲಣ ನ್ಯಾಯಸ್ಥಾನವು ಬಗೆಬಗೆಯ ರೂಪಗಳನ್ನು ತಾಳಿತು. ಹುಜೂರ್ ಅದಾಲತ್ತಿನ ತರುವಾಯ 1856ರಲ್ಲಿ ಜುಡಿಷಿಯಲ್ ಕಮಿಷನರೂ, 1884ರಲ್ಲಿ ಚೀಫ್ ಕೋರ್ಟೂ, 1930ರಲ್ಲಿ ಹೈಕೋರ್ಟೂ ಬಂದುವು. ಈಗ ಬೆಂಗಳೂರಿನ ಸೆಷನ್ಸ್ ನ್ಯಾಯಾಧೀಶರು ಮರಣದಂಡನೆಯನ್ನು ವಿಧಿಸಿದರೆ, ಅಠಾರಾ ಕಚೇರಿಯಲ್ಲಿರುವ ಹೈಕೋರ್ಟು ಸ್ಥಿರಪಡಿಸುವವರೆಗೆ ಅದು ನಡೆಯತಕ್ಕದ್ದಲ್ಲ. ಪುನರ್ವಿಮರ್ಶೆ ಸ್ಮೃತಿಗೂ ಸಮ್ಮತವೇ. ಆದರೆ ತಪ್ಪಾಗಿ ನಿರ್ಣಯಿಸಿದ ಸಭ್ಯರಿಗೂ ಗೆದ್ದವನಿಗೂ ಅಲ್ಲಿ ದ್ವಿಗುಣದಂಡವುಂಟು.

ಮುಖ್ಯ ಭೇದವು ಎರಡನೆಯ ಪಾದದಲ್ಲಿದೆ. ಇತರ ವಿವಾದಗಳಲ್ಲಿ ಉತ್ತರಕ್ಕೆ ಕಾಲಾವಕಾಶ ಸಲ್ಲಬಹುದು. ಸಾಹಸ, ಸ್ತೇಯ ಮೊದಲಾದವುಗಳಲ್ಲಿ ‘ಸದ್ಯಃ’, ಎಂದರೆ ಆ ಕೂಡಲೇ, ಉತ್ತರವನ್ನು ಹೇಳಿಸಬೇಕೆಂದು ಯಾಜ್ಞವಲ್ಕ್ಯನ ವಿಧಿ. ಇಂದಿನ ಆರೋಪಿಗಾದರೋ ತನಗೆ ವಿರುದ್ಧವಾಗಿ ನುಡಿಯುವ ನಿರ್ಬಂಧವಿಲ್ಲ. ಸಂವಿಧಾನದ 20ನೆಯ ಅನುಚ್ಛೇದವು ಅವನ ಮೌನವನ್ನು ಕಾಯುತ್ತದೆ. ಇಷ್ಟರಿಂದ ಪ್ರಾಚೀನರು ಆರೋಪಿಯನ್ನು ಅಪರಾಧಿಯೆಂದೇ ಎಣಿಸಿದರೆಂದು ಹೇಳಲಾಗದು. ಅವನು ‘ಸುಳ್ಳು’ ಎಂದು ನಿರಾಕರಿಸಿದರೆ ಪ್ರಮಾಣವನ್ನು ತೋರಿಸುವ ಭಾರವು ಆರೋಪಿಸಿದವನ ಮೇಲೆಯೇ ಬೀಳುತ್ತದೆಂದು ಮಿತಾಕ್ಷರೆಯು ಸ್ಪಷ್ಟವಾಗಿ ಹೇಳುತ್ತದೆ. ಈ ಭಾರದ ವಿಷಯದಲ್ಲಿ ಹಳತೂ ಹೊಸತೂ ಒಂದೇ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಒಪ್ಪಿಸುವ ಕಾರ್ಯಕ್ಕೆ 90 ದಿನಗಳನ್ನೂ, ವಾದ ಮುಗಿದ ಮೇಲೆ ತೀರ್ಪಿಗೆ 30 ದಿನಗಳನ್ನೂ ಗೊತ್ತುಮಾಡಿದೆ. ಕಾರಣವಿದ್ದರೆ ಇವು ಬೆಳೆಯಬಹುದು. ಸ್ಮೃತಿಕಾರನ ‘ಸದ್ಯಃ’ ಎಂಬ ಪದವು ಆರೋಪಿಯನ್ನು ತ್ವರೆಗೊಳಿಸಿತು. ಈಗಿನ ಶಾಸನವು ಅದೇ ತ್ವರೆಯನ್ನು ನ್ಯಾಯಾಲಯದ ಮೇಲೆ ಹೊರಿಸಿದೆ. ಸೆರೆಯಲ್ಲಿ ನಿರ್ಣಯವನ್ನು ಕಾಯುವವನಿಗೂ ಸತ್ತವನ ಮನೆಯವರಿಗೂ ಇದು ಅಲ್ಪವಾದ ಭೇದವಲ್ಲ.